ತಕ್ಕಡಿ ಮೇಡಂ ಮತ್ತು ಬಸ್ಸು ಓಡಿಸಿದ ಮೊಲ

ಕಲ್ಪನೆ ಎಂಬುದು ಸಾಸಿವೆ ಕಾಳಿನಷ್ಟೂ ಇಲ್ಲದ ಹೆಂಗಸು ಅವಳು. ನಲವತ್ತು ವರ್ಷ ಮನಶ್ಶಾಸ್ತ್ರದ ಪಾಠ ಹೇಳಿದ ನಾನು ಈ ಮಾತನ್ನು ಬಾಯಿಗೆ ಬಂದ ಹಾಗೆ ಆಡುತ್ತಿಲ್ಲ. ಆಕಾಶದ ಮೋಡ ತೋರಿಸಿ ಕುದುರೆಯ ಹಾಗಿದೆ ಎಂದರೆ, ಯಾವ ಕಡೆಯಿಂದ ಎಂದು ಕೇಳುತ್ತಾಳೆ. ಆ ಕಡೆಗೆ ಹೋಗಿ ನಿಂತು ನೋಡುತ್ತಾಳೆ. ಆಮೇಲೆ, ಇಲ್ಲ ಎನ್ನುತ್ತಾಳೆ. ಇಂಥವಳು ನಮ್ಮ ಶಾಲೆಯಲ್ಲಿ ಆರು ವರ್ಷದಿಂದ ಪುಟ್ಟ ಮಕ್ಕಳಿಗೆ ಕಥೆ ಕಲಿಸುತ್ತಿದ್ದಾಳೆ.

ನಮ್ಮದು ವಿಶೇಷ ಮಕ್ಕಳ ಶಾಲೆ. ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಒಂದು ಉದ್ದನೆಯ ವರಾಂಡ, ಪ್ರತಿ ಬಾಗಿಲಿಗೂ ಎರಡೆರಡು ಚಿಲಕ. ಕೆಳಗೆ ಯಂತ್ರ ಓಡಿದಾಗ ಮೇಲೆ ಮೇಜಿನ ಮೇಲಿನ ಪೆನ್ಸಿಲುಗಳು ತಾವಾಗಿಯೇ ಉರುಳುತ್ತವೆ. ಏಳು ವರ್ಷದೊಳಗಿನ ಹನ್ನೊಂದು ಮಕ್ಕಳಿದ್ದಾರೆ. ಮಾತು ತಡವಾದವರು, ಮಾತು ಬಂದರೂ ಅದನ್ನು ಯಾರಿಗೆ ಆಡಬೇಕೆಂದು ತಿಳಿಯದವರು, ಒಂದು ಕಡೆ ಕೂರಲಾರದವರು, ಕೂತರೆ ಏಳಲಾರದವರು. ಅಲ್ಲಿ ನಾನು ಸಲಹೆಗಾರಳು. ವಾರಕ್ಕೆ ಮೂರು ಬೆಳಿಗ್ಗೆ ಹೋಗಿ, ಯಾರೂ ಕೇಳದ ಸಲಹೆ ಕೊಟ್ಟು ಬರುತ್ತೇನೆ.

ಕಥೆ ಅರ್ಥವಾಗುವುದೆಂದರೆ ಏನು ಎಂದು ಹೊರಗಿನವರು ಯಾರೂ ಯೋಚಿಸುವುದಿಲ್ಲ. ಉಳಿದ ಮಕ್ಕಳಿಗೆ ಅದು ಅಜ್ಜಿಯ ತೊಡೆಯ ಮೇಲೆ ಕೂತಲ್ಲೇ ಬಂದುಬಿಡುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಬಿಡಿಸಿ, ತುಂಡು ಮಾಡಿ, ಒಂದೊಂದೇ ತುಂಡನ್ನು ಕೈಗೆ ಕೊಡಬೇಕು. ಒಂದು ಕಥೆಗೆ ನಾಲ್ಕು ಚಿತ್ರದ ಕಾರ್ಡು. ಮೊದಲು ಅವನ್ನು ಸಾಲಾಗಿ ಜೋಡಿಸಬೇಕು. ಆಮೇಲೆ ಪ್ರಶ್ನೆಗಳು: ಯಾರು, ಎಲ್ಲಿ, ಏನಾಯಿತು, ಯಾಕೆ. ‘ಯಾರು’ ಎರಡು ತಿಂಗಳಲ್ಲಿ ಬಂದರೆ ‘ಎಲ್ಲಿ’ಗೆ ನಾಲ್ಕು ತಿಂಗಳು ಹಿಡಿಯುತ್ತದೆ. ‘ಯಾಕೆ’ ಎಂಬುದು ಕೆಲವರಿಗೆ ಎರಡು ವರ್ಷವಾದರೂ ಬರುವುದಿಲ್ಲ. ಆ ಕಾರ್ಡುಗಳನ್ನು ಸಿದ್ಧಪಡಿಸಿದ್ದು ನಾನೇ. ಹದಿನೆಂಟು ಕಥೆ, ಎಪ್ಪತ್ತೆರಡು ಕಾರ್ಡು. ಎಲ್ಲವೂ ಪ್ರಾಣಿಗಳ ಕಥೆಗಳು, ಮಕ್ಕಳಿಗೆ ಪ್ರಾಣಿಗಳೆಂದರೆ ಇಷ್ಟವೆಂದು.

ಅವಳು ನಮ್ಮಲ್ಲಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಳು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಮೇಲೆ ತನ್ನದೇ ತೂಕದ ಬಟ್ಟು ಇಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ, ಒಂದು ಮಾತೂ ಆಡದೆ ಬರೆದುಕೊಂಡು ಹೋಗುವ ಕೆಲಸ. ಸ್ವಂತ ಇಚ್ಛೆಯಿಂದ ನಿವೃತ್ತಿ ಪಡೆದು, ವಿಶೇಷ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ನಮ್ಮೆದುರು ಸಂದರ್ಶನಕ್ಕೆ ಕೂತಳು. ಈ ಮಕ್ಕಳ ಸೇವೆಗೇ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, ಮನೆಯಿಂದ ನಡೆದರೆ ಆರು ನಿಮಿಷ ಎಂದಳು. ಆ ವಾರ ಬಂದ ಒಂಬತ್ತು ಜನರಲ್ಲಿ ಕಣ್ಣೀರು ಹಾಕದೆ ಉತ್ತರ ಕೊಟ್ಟವಳು ಇವಳೊಬ್ಬಳೇ. ಅದಕ್ಕಾಗಿಯೇ ನಾನು ಅವಳನ್ನು ಆರಿಸಿದೆ. ತಕ್ಕಡಿ ಮೇಡಂ ಎಂದು ಹೆಸರಿಟ್ಟವನು ಶಾಲೆಯ ವ್ಯಾನಿನ ಡ್ರೈವರ್. ಅದು ಅವಳ ಕಿವಿಗೆ ಬಿದ್ದಾಗ ಅವಳು ಬೇಸರಿಸಲಿಲ್ಲ. ತಾನು ನೋಡುತ್ತಿದ್ದುದು ಬರೀ ತಕ್ಕಡಿಯಲ್ಲ, ಲೀಟರಿನ ಅಳತೆಯೂ ಇತ್ತು ಎಂದು ಅವನನ್ನು ತಿದ್ದಿದಳು.

ಮೊದಲ ವಾರದಲ್ಲೇ ನನ್ನ ಕಾರ್ಡುಗಳ ಪೆಟ್ಟಿಗೆ ಹಿಡಿದು ನನ್ನ ಮುಂದೆ ಬಂದು ನಿಂತಳು. ಅವಳು ಹೊರಗೆ ತೆಗೆದದ್ದು ಕೊಡೆ ಕಳೆದುಕೊಂಡ ಕರಡಿಯ ಕಥೆ.

“ಕರಡಿಗೆ ಕೊಡೆ ಯಾಕೆ ಬೇಕು ಮೇಡಂ? ಮೈ ತುಂಬ ಕೂದಲಿದೆ.”

ಮಕ್ಕಳಿಗೆ ತಮಾಷೆಯಾಗಿರಲಿ ಎಂದು ಹಾಗೆ ಮಾಡಿದ್ದೇನೆ ಎಂದೆ.

“ನಿನ್ನೆ ಆ ಸಣ್ಣ ಹುಡುಗಿ ಅರ್ಧ ಗಂಟೆ ಕರಡಿಯ ಕೈಯನ್ನೇ ನೋಡ್ತಾ ಕೂತಿದ್ದಳು. ಉಗುರಿರೋ ಕೈಯಲ್ಲಿ ಕೊಡೆ ಹಿಡಿಯೋದು ಹೇಗೆ ಅಂತ ಅವಳಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.”

ಅಲ್ಲಿಂದ ನನ್ನ ಹದಿನೆಂಟು ಕಥೆಗಳು ಬೀರು ಸೇರಿದವು. ಅವುಗಳ ಜಾಗದಲ್ಲಿ ಅವಳು ನಡೆದದ್ದನ್ನೇ ಕಥೆ ಮಾಡತೊಡಗಿದಳು. ಶಾಲೆಯಲ್ಲಿ ನಿನ್ನೆ ಏನು ನಡೆಯಿತೋ ಅದು ಇಂದಿನ ಪಾಠ. ಅವಳ ಗಂಡ ಅಂಗಡಿಗಳ ನಾಮಫಲಕ ಬರೆಯುವ ಪೇಂಟರ್. ಸಂಜೆ ಅವಳು ವರದಿ ಒಪ್ಪಿಸುತ್ತಿದ್ದಳು, ಅವನು ನಾಲ್ಕು ಕಾರ್ಡು ಬರೆದುಕೊಡುತ್ತಿದ್ದ. ಮೊದಲ ಕಥೆ ಆಯಾಳದು. ಆಯಾ ಬಕೆಟ್ ತಂದಳು. ನೆಲ ಒದ್ದೆಯಾಯಿತು. ಆಯಾ ಜಾರಿದಳು. ಆಯಾ ನೆಲ ಒರೆಸಿದಳು. ಪೇಂಟರ್ ಮೂರನೆಯ ಕಾರ್ಡಿನಲ್ಲಿ ಆಯಾಳ ತಲೆಯ ಮೇಲೆ ಒಂದು ಕಾಗೆ ಹಾರಿಸಿದ್ದ. ಅವತ್ತು ಕಾಗೆ ಬಂದಿರಲಿಲ್ಲ ಎಂದು ಅವಳು ಅದನ್ನು ಅಳಿಸಿದಳು. ಆಯಾಳನ್ನು ಅವನು ಇರುವುದಕ್ಕಿಂತ ತೆಳ್ಳಗೆ ಬರೆದಿದ್ದ. ಅದನ್ನೂ ತಿದ್ದಿಸುವುದಕ್ಕೆ ಹೋದಾಗ ಆಯಾ ಕಾರ್ಡನ್ನು ಕಸಿದುಕೊಂಡು, ಇದೊಂದು ಹೀಗೇ ಇರಲಿ ಎಂದು ಎರಡು ದಿನ ಕೊಡಲೇ ಇಲ್ಲ.

ನಿಜವಾದ ಬಕೆಟ್, ನಿಜವಾದ ನೀರು, ನಿಜವಾದ ಆಯಾ. ದಿನಾ ಬೆಳಿಗ್ಗೆ ಆಯಾ ಮಕ್ಕಳ ಮುಂದೆ ಜಾರಿ ತೋರಿಸಬೇಕು. ಯಾರು ಜಾರಿದ್ದು, ಎಲ್ಲಿ ಜಾರಿದ್ದು, ಯಾಕೆ ಜಾರಿದ್ದು. ಮೂರನೆಯ ವಾರದಲ್ಲಿ, ಅದುವರೆಗೆ ಪ್ರಶ್ನೆಗೆ ಉತ್ತರವೇ ಕೊಡದಿದ್ದ ಮಗುವೊಂದು, “ನೀರು” ಎಂದಿತು. ‘ಯಾಕೆ’ ಎಂಬ ಪ್ರಶ್ನೆಗೆ ನಮ್ಮ ಶಾಲೆಯಲ್ಲಿ ಅಷ್ಟು ಬೇಗ ಉತ್ತರ ಬಂದದ್ದು ಅದೇ ಮೊದಲು. ನಾನು ದಾಖಲೆಯಲ್ಲಿ ಬರೆದುಕೊಂಡೆ. ಆಯಾ ಸೊಂಟ ಹಿಡಿದುಕೊಂಡು, ಇನ್ನು ಮೇಲೆ ಬೇರೆ ಯಾರಾದರೂ ಬೀಳಲಿ ಎಂದಳು.

ಬೇರೆಯವರು ಬಿದ್ದರು. ಶಾಲೆಯಲ್ಲಿ ಎಲ್ಲರೂ ಬಹಳ ಎಚ್ಚರದಿಂದ ನಡೆದಾಡುವ ಕಾಲ ಬಂತು. ಡ್ರೈವರ್ ಬೀಗದ ಕೈ ವ್ಯಾನಿನೊಳಗೇ ಬಿಟ್ಟು ಬಾಗಿಲು ಹಾಕಿದ್ದು ಪಾಠವಾಯಿತು. ಒಂದು ಬುಧವಾರ ನಾನು ತರಗತಿಗೆ ಹೋದಾಗ ಮಕ್ಕಳೆಲ್ಲ ನನ್ನನ್ನು ವಿಚಿತ್ರ ಗಮನದಿಂದ ನೋಡಿದರು. ಹಲಗೆಯ ಮೇಲೆ ನಾಲ್ಕು ಕಾರ್ಡು. ದೊಡ್ಡ ಮೇಡಂ ಬಂದರು. ಬಾಗಿಲು ತಳ್ಳಿದರು. ಬಾಗಿಲು ತೆರೆಯಲಿಲ್ಲ. ದೊಡ್ಡ ಮೇಡಂ ಬಾಗಿಲು ಎಳೆದರು. ಬಾಗಿಲ ಮೇಲೆ ‘ಎಳೆಯಿರಿ’ ಎಂದು ಬರೆದಿದ್ದನ್ನೂ ಪೇಂಟರ್ ಬಿಡದೆ ಬರೆದಿದ್ದ. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ತಕ್ಕಡಿ ಕೇಳಿದಳು. ಮುಂದಿನ ಸಾಲಿನ ಹುಡುಗ ನನ್ನನ್ನೇ ನೋಡುತ್ತ, “ಓದಲಿಲ್ಲ” ಎಂದ. ಎರಡು ಪದವಿ ಮತ್ತು ಒಂದು ಡಾಕ್ಟರೇಟ್ ಪಡೆದ ನಾನು ಇಂಥ ಮಾತು ಹಿಂದೆ ಕೇಳಿರಲಿಲ್ಲ. ಉತ್ತರ ಸರಿಯಾಗಿತ್ತು, ಒಪ್ಪಿಕೊಳ್ಳಬೇಕಾಯಿತು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ತೊಂದರೆ ಬಂದದ್ದು ಚುಕ್ಕಿಯಿಂದ.

ಚುಕ್ಕಿ ಆರೂವರೆ ವರ್ಷದ ಹುಡುಗಿ. ಕೈಗೆ ಪೆನ್ಸಿಲು ಸಿಕ್ಕಿದರೆ ಕಾಗದ, ಗೋಡೆ, ಪಕ್ಕದವರ ಕೈ, ಎಲ್ಲದರ ಮೇಲೂ ಚುಕ್ಕಿ ಇಡುತ್ತಿದ್ದುದರಿಂದ ಆ ಹೆಸರು. ಕೇಳಿದ ಪ್ರಶ್ನೆಯ ಬಾಲವನ್ನೇ ತಿರುಗಿ ಹೇಳುವುದು ಅವಳ ರೀತಿ. ಊಟ ಮಾಡಿದೆಯಾ ಎಂದರೆ “ಮಾಡಿದೆಯಾ” ಎನ್ನುತ್ತಿದ್ದಳು. ಅವಳನ್ನು ಸಾಕುತ್ತಿದ್ದವಳು ಅಜ್ಜಿ, ಬಟ್ಟೆ ಇಸ್ತ್ರಿ ಮಾಡುವವಳು. ಎರಡು ಬೀದಿ ಆಚೆ ಒಂದು ಸಾಮಾನ್ಯ ಶಾಲೆಯಿದೆ, ಅದರ ಗೋಡೆಗೆ ತಾಗಿಕೊಂಡೇ ಅಜ್ಜಿಯ ಇಸ್ತ್ರಿ ಮೇಜು. ನಮ್ಮಲ್ಲಿ ಏಳು ವರ್ಷ ತುಂಬಿದ ಮೇಲೆ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡ ಮಕ್ಕಳ ವಿಶೇಷ ಶಾಲೆ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಅಜ್ಜಿ ಮೇಜು ಬಿಟ್ಟು ಹೋಗಲಾರಳು. ಪಕ್ಕದ ಶಾಲೆಯ ಒಂದನೇ ತರಗತಿಗೆ ಚುಕ್ಕಿ ಸೇರಿದರೆ ಸರಿ. ಇಲ್ಲದಿದ್ದರೆ ಅವಳು ಇಸ್ತ್ರಿ ಮೇಜಿನ ಕೆಳಗೆ, ಬಟ್ಟೆ ಗಂಟುಗಳ ನಡುವೆ, ದಿನವಿಡೀ ಚುಕ್ಕಿ ಇಡುತ್ತ ಕೂರಬೇಕು. ಮೂರನೆಯ ದಾರಿ ಇರಲಿಲ್ಲ. ಅದನ್ನು ಅಜ್ಜಿ ಅತ್ತು ಹೇಳಲಿಲ್ಲ; ಅಂಗಿಯೊಂದರ ಕಾಲರು ಒತ್ತುತ್ತ ಹೇಳಿದಳು.

ಆ ಶಾಲೆಯ ಹೆಡ್ಮಿಸ್ಟ್ರೆಸ್ ನ್ಯಾಯವಂತರು. ನಮ್ಮ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಆದರೆ ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ. ಅವರದೇ ಚಿತ್ರದ ಕಾರ್ಡು ತೋರಿಸಿ, ಮಗು ಮೊದಲು ನೋಡಿರದ ಒಂದು ಕಥೆ ಹೇಳಿ, ಪ್ರಶ್ನೆ ಕೇಳುತ್ತಾರೆ. ಉಳಿದದ್ದೆಲ್ಲ ಹೇಗಿದ್ದರೂ ಒಂದು ‘ಯಾಕೆ’ಗಾದರೂ ಉತ್ತರ ಬರಬೇಕು. ಆ ವೇಳೆಗೆ ಚುಕ್ಕಿ ಆಯಾಳ ಜಾರುವಿಕೆಗೆ ಮೂರು ಕಾರಣ ಕೊಡುತ್ತಿದ್ದಳು. ನಾವು ಧೈರ್ಯವಾಗಿಯೇ ಹೋದೆವು.

ಹೆಡ್ಮಿಸ್ಟ್ರೆಸ್ ಕಾರ್ಡು ಹರಡಿದರು. ಒಂದು ಮೊಲ ಬಸ್ಸು ಓಡಿಸಿಕೊಂಡು ಪೇಟೆಗೆ ಹೋಗಿ ಗಜ್ಜರಿ ತಂದ ಕಥೆ. ಮೊಲ ಎಲ್ಲಿಗೆ ಹೋಯಿತು ಎಂದು ಕೇಳಿದರು. ಚುಕ್ಕಿ ಕಾರ್ಡನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಅಂಗಡಿಯವನ ಬಟ್ಟನ್ನು ಇನ್‌ಸ್ಪೆಕ್ಟರ್ ನೋಡುವ ಹಾಗೆ ನೋಡಿದಳು.

“ಸುಳ್ಳು” ಎಂದಳು. ಕಾರ್ಡನ್ನು ಕೆಳಗಿಟ್ಟು, “ಕಾಲು ಎಟುಕಲ್ಲ.”

ಅದು ಚುಕ್ಕಿ ತಾನಾಗಿ ಆಡಿದ ಅತಿ ಉದ್ದದ ಮಾತು. ತಕ್ಕಡಿಯ ಮುಖದಲ್ಲಿ, ಅಪರೂಪಕ್ಕೆ, ಸಂತೋಷ ಕಂಡಿತು. ಹೆಡ್ಮಿಸ್ಟ್ರೆಸ್ ಸೊನ್ನೆ ಹಾಕಿದರು. ಮೊಲ ಯಾಕೆ ಹೋಯಿತು ಎಂದು ಕೇಳಿದಾಗಲೂ ಸುಳ್ಳು, ಗಜ್ಜರಿಯನ್ನು ಯಾರಿಗೆ ಕೊಟ್ಟಿತು ಎಂದಾಗಲೂ ಸುಳ್ಳು. ಎಲ್ಲಕ್ಕೂ ಸೊನ್ನೆ.

“ಅವಳು ಸರಿಯಾಗೇ ಹೇಳಿದಾಳಲ್ಲ ಮೇಡಂ” ಎಂದಳು ತಕ್ಕಡಿ. “ಮೊಲದ ಕಾಲು ಎಷ್ಟುದ್ದ ಇರುತ್ತೆ, ನೀವೇ ಹೇಳಿ. ಬ್ರೇಕು ಎಷ್ಟು ದೂರ ಇರುತ್ತೆ.”

ಹೆಡ್ಮಿಸ್ಟ್ರೆಸ್ ಒಂದನೇ ತರಗತಿಯ ಪಠ್ಯಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು. “ಇದರಲ್ಲಿ ಹನ್ನೆರಡು ಪಾಠ ಇದಾವೆ. ಒಂಬತ್ತರಲ್ಲಿ ಪ್ರಾಣಿಗಳು ಮಾತಾಡ್ತಾವೆ. ಒಂದರಲ್ಲಿ ಚಂದ್ರ ಮಾತಾಡ್ತಾನೆ. ಈ ಮಗು ವರ್ಷವಿಡೀ ಸುಳ್ಳು ಸುಳ್ಳು ಅಂತ ಕೂತರೆ ನಾನು ಏನು ಮಾಡ್ಲಿ, ನೀವೇ ಹೇಳಿ.”

ತಕ್ಕಡಿ ಪುಸ್ತಕ ತೆರೆದು ಪಾಠಗಳನ್ನು ಎಣಿಸಿದಳು, ಲೆಕ್ಕ ಸರಿಯಾಗಿತ್ತು. ಮೂರು ವಾರ ಬಿಟ್ಟು ಇನ್ನೊಂದು ಅವಕಾಶ ಕೊಡುವುದಾಗಿ ಹೆಡ್ಮಿಸ್ಟ್ರೆಸ್ ಹೇಳಿದರು. ಅದೇ ಕೊನೆಯದು.

ಹೊರಗೆ ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಕಾಯುತ್ತಿದ್ದಳು. ನಡೆದದ್ದನ್ನು ತಕ್ಕಡಿ ಒಂದಕ್ಷರ ಬಿಡದೆ, ತನ್ನ ತಪ್ಪನ್ನೂ ಸೇರಿಸಿ, ವರದಿ ಒಪ್ಪಿಸಿದಳು. ಅಜ್ಜಿ ಕೇಳಿಸಿಕೊಂಡು, ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು.

“ಸುಳ್ಳು ಯಾವುದು ಅಂತ ಚೆನ್ನಾಗಿ ಕಲಿಸಿದ್ದೀರಿ ಟೀಚರಮ್ಮ. ಇನ್ನು ಮೂರು ವಾರದಲ್ಲಿ ಅದನ್ನ ಸ್ವಲ್ಪ ನಂಬೋದನ್ನೂ ಕಲಿಸಿಬಿಡಿ.”

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಇಂಥ ಮಕ್ಕಳಿಗೆ ‘ಹಾಗೆಂದುಕೊಳ್ಳುವ’ ಆಟ ಕಲಿಸುವುದು ಹೇಗೆಂದು ನಾನು ಎರಡು ಪ್ರಬಂಧ ಬರೆದಿದ್ದೇನೆ. ಅವೆರಡನ್ನೂ ತಕ್ಕಡಿಗೆ ಕೊಟ್ಟೆ. ಅವಳು ಓದಿ, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಪ್ರಶ್ನೆ ಬರೆದು ಹಿಂದಿರುಗಿಸಿದಳು. ಮೊದಲ ಪುಟದಲ್ಲೇ ಏಳು ಪ್ರಶ್ನೆಗಳಿದ್ದವು. ಮಗುವಿಗೆ ಕಲಿಸುವ ಮೊದಲು ಶಿಕ್ಷಕಿ ತಾನು ಆಡಬೇಕು ಎಂದು ನಾನು ಬರೆದ ಕಡೆ, ‘ಶಿಕ್ಷಕಿಗೆ ಬರದಿದ್ದರೆ?’ ಎಂದು ಬರೆದಿದ್ದಳು. ನನ್ನ ಎರಡೂ ಪ್ರಬಂಧಗಳಲ್ಲಿ ಇದಕ್ಕೆ ಪರಿಹಾರವಿರಲಿಲ್ಲ.

ಪೇಂಟರ್ ತಾನು ಕಲಿಸುತ್ತೇನೆಂದು ಮುಂದೆ ಬಂದ. ಅವನು ಬಾಯಿ ತೆರೆದರೆ ಕಥೆ. ತಾನು ಏಣಿಯಿಂದ ಬಿದ್ದ ಒಂದೇ ಪ್ರಸಂಗ ಅವನ ಬಾಯಲ್ಲಿ ಮೊದಲ ಮಹಡಿಯಿಂದ ಶುರುವಾಗಿ ಈಗ ನಾಲ್ಕನೆಯ ಮಹಡಿಗೆ ಏರಿದೆ. ಅವನು ಹೇಳಿ ಮುಗಿಸಿದ ಕೂಡಲೇ ಅವಳು, ಮೂರು ಅಡಿ, ಶನಿವಾರ, ಎಂದು ಸೇರಿಸುತ್ತಾಳೆ. ಇಪ್ಪತ್ತಾರು ವರ್ಷದ ಸಂಸಾರ ಹೀಗೆಯೇ ನಡೆದುಬಂದಿದೆ. ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಪಾಠ ನಡೆಯುತ್ತಿತ್ತು. ಬಣ್ಣದ ಡಬ್ಬಗಳನ್ನು ಗೋಡೆಗೆ ಸರಿಸಿ, ನೆಲದ ನಡುವೆ ಒಂದು ಚಪ್ಪಲಿ ಇಟ್ಟುಕೊಂಡು ಗಂಡಹೆಂಡಿರು ಎದುರುಬದುರು ಕೂತಿದ್ದರು.

“ನೋಡೇ, ಇದು ದೋಣಿ.”

ಅವಳು ಚಪ್ಪಲಿಯನ್ನು ಎತ್ತಿ, ತಿರುವಿ ನೋಡಿ, ಕೆಳಗಿಟ್ಟಳು. “ಇದು ಎಡಗಾಲಿಂದು. ಬಲಗಾಲಿಂದು ಎಲ್ಲಿಟ್ರಿ?”

“ಅಯ್ಯೋ, ದೋಣಿಗೆ ಎಡ ಬಲ ಏನೇ? ಇದು ನೀರು, ಇದು ದೋಣಿ, ನಾವು ಆಚೆ ದಡಕ್ಕೆ ಹೋಗ್ತಾ ಇದೀವಿ. ನೀನು ಹುಟ್ಟು ಹಾಕು.”

“ಆಚೆ ದಡದಲ್ಲಿ ಏನಿದೆ?”

“ಏನಾದ್ರೂ ಇರಲಿ. ನಿನಗೆ ಬೇಕಾದ್ದು ಅಂದ್ಕೋ.”

ಅವಳು ನಿಜವಾಗಿಯೂ ಪ್ರಯತ್ನ ಮಾಡಿದಳು. ಹಣೆಯ ಮೇಲೆ ಬೆವರು ಬಂತು. ಕೊನೆಗೆ, ಆಚೆ ದಡದಲ್ಲಿ ನಿಮ್ಮ ಡಬ್ಬಗಳಿವೆ, ಎರಡರ ಮುಚ್ಚಳ ಸರಿಯಾಗಿ ಹಾಕಿಲ್ಲ ಎಂದಳು. ಪೇಂಟರ್ ಎದ್ದು ಹೋಗಿ ಮುಚ್ಚಳ ಹಾಕಿ ಬಂದು, ನನ್ನ ಕಡೆ ತಿರುಗಿ, ಮದುವೆಯಾದ ಹೊಸದರಲ್ಲಿ ಇವಳಿಗೆ ನೀನು ಹುಣ್ಣಿಮೆ ಚಂದ್ರನ ಹಾಗಿದ್ದೀಯ ಎಂದಿದ್ದೆ ಮೇಡಂ, ಕನ್ನಡಿಯ ಮುಂದೆ ಹೋಗಿ ನಿಂತು ನೋಡಿಕೊಂಡು ಬಂದಳು ಎಂದ.

ಹಾಗಿದ್ದರೆ ಗಂಡನನ್ನೇ ತರಗತಿಗೆ ಕರೆತನ್ನಿ ಎಂಬ ಸಲಹೆ ನನ್ನದು. ಅವನು ಬಂದ. ರೈಲಾದ. ಮಕ್ಕಳು ಅವನ ಅಂಗಿ ಹಿಡಿದು ವರಾಂಡದ ಉದ್ದಕ್ಕೂ ಓಡಿದರು. ಅವನು ಹೊರಟಾಗ ಮೂವರು ಅತ್ತರು. ರೈಲು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಒಬ್ಬರಿಗೂ ತಿಳಿಯಲಿಲ್ಲ. ಚುಕ್ಕಿ ಮೊದಲ ಕೂಗಿಗೇ ಮೇಜಿನ ಕೆಳಗೆ ಸೇರಿದವಳು ಊಟದವರೆಗೆ ಹೊರಬರಲಿಲ್ಲ. ಒಂದು ವಾರ ಹೀಗೆ ಕಳೆದುಹೋಯಿತು.

ಎರಡನೆಯ ವಾರ ತಕ್ಕಡಿ ತನಗೆ ತಿಳಿದ ದಾರಿ ಹಿಡಿದಳು. ಇಲಾಖೆಯಲ್ಲಿ ಪರೀಕ್ಷೆ ಮಾಡಿದ ತಕ್ಕಡಿಗೆ ಚೀಟಿ ತೂಗುಹಾಕುವ ಪದ್ಧತಿಯಿತ್ತಂತೆ. ಅದೇ ರೀತಿ ರಟ್ಟಿನ ಎರಡು ಬಗೆಯ ಚೀಟಿ ಮಾಡಿ, ದಾರ ಪೋಣಿಸಿ ತಂದಳು. ಹಸಿರು ಚೀಟಿ ಎಂದರೆ ನಡೆದದ್ದು. ಕೆಂಪು ಚೀಟಿ ಎಂದರೆ ಕಟ್ಟುಕಥೆ. ಸುಳ್ಳು ಎಂಬ ಮಾತಿಗೆ ತರಗತಿಯಲ್ಲಿ ಜಾಗವಿಲ್ಲ ಎಂದು ಸಾರಿದಳು. ಯಾವ ಕಥೆ ಬಂದರೂ ಮೊದಲು ಚೀಟಿ ಹಾಕಬೇಕು, ಆಮೇಲೆ ಪ್ರಶ್ನೆ. ನನ್ನ ಹದಿನೆಂಟು ಕಥೆಗಳನ್ನು ಬೀರುವಿನಿಂದ ಹೊರತೆಗೆದು ಎಲ್ಲಕ್ಕೂ ಕೆಂಪು ಚೀಟಿ ಹಾಕಿಸಿದಳು. ಬದುಕಿನಲ್ಲಿ ನನಗೆ ಸಿಕ್ಕ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದು ಬೇರೆಯಿಲ್ಲ.

ಚೀಟಿ ಹಾಕಿಬಿಟ್ಟರೆ ಮಕ್ಕಳಿಗೆ ಕಥೆ ಅರ್ಥವಾಗುವುದು ಹೇಗೆ ಎಂದು ನಾನು ಕೇಳಿದೆ. ಅವಳು ಕೊಟ್ಟ ಉತ್ತರವನ್ನು ಇದ್ದ ಹಾಗೆ ಬರೆಯುತ್ತೇನೆ.

“ಪಾತ್ರೆಯಲ್ಲಿ ಎಣ್ಣೆ ತೂಗುವಾಗ ಪಾತ್ರೆ ತೂಕ ಮೊದಲು ಕಳೀತೀವಲ್ಲ ಮೇಡಂ, ಹಾಗೆ. ಮೊಲ ಬಸ್ಸು ಓಡಿಸುತ್ತೆ ಅನ್ನೋದು ಪಾತ್ರೆ. ಅದನ್ನ ಒಂದು ಸಲ ಕಳೆದುಬಿಟ್ಟರೆ ಆಮೇಲೆ ಉಳಿಯೋದೆಲ್ಲ ಎಣ್ಣೆ. ಹಸಿವಾಯ್ತು, ಪೇಟೆಗೆ ಹೋಯ್ತು, ತಂದು ತಿಂತು. ಅದರಲ್ಲಿ ಸುಳ್ಳೇನೂ ಇಲ್ಲ.”

ನನ್ನ ಎರಡು ಪ್ರಬಂಧಗಳು ಒಟ್ಟು ಎಂಬತ್ತು ಪುಟ ಇದ್ದವು.

ನಾಲ್ಕೇ ದಿನದಲ್ಲಿ ಉಳಿದ ಮಕ್ಕಳಲ್ಲಿ ಐವರು ಕೆಂಪು ಚೀಟಿ ಹಾಕಿ, ನಿಟ್ಟುಸಿರು ಬಿಟ್ಟು, ಕರಡಿಯ ಕೊಡೆಯ ಬಗ್ಗೆ ಉತ್ತರ ಕೊಡತೊಡಗಿದರು. ಚುಕ್ಕಿಗೆ ಚೀಟಿಗಳ ಮೇಲೇ ಪ್ರೀತಿ ಹುಟ್ಟಿತು. ಅವಳು ಎಲ್ಲಕ್ಕೂ ಚೀಟಿ ಹಾಕತೊಡಗಿದಳು. ಊಟದ ಡಬ್ಬಕ್ಕೆ ಹಸಿರು. ಕಿಟಕಿಗೆ ಹಸಿರು. ಕ್ಯಾಲೆಂಡರಿನಲ್ಲಿ ನಗುತ್ತಿದ್ದ ಟೊಮೆಟೊ ಹಣ್ಣಿಗೆ ಕೆಂಪು. ಒಂದು ದಿನ ಆಯಾ ಮುಕ್ಕಾಲು ಗಂಟೆ ತಡವಾಗಿ ಬಂದು, ಬಸ್ಸು ಕೆಟ್ಟು ನಿಂತಿತ್ತು ಮೇಡಂ, ಎಲ್ಲರೂ ಇಳಿದು ತಳ್ಳಿದೆವು ಎಂದು ನನ್ನೆದುರು ವಿವರಿಸುತ್ತಿದ್ದಳು. ಚುಕ್ಕಿ ಎದ್ದು ಬಂದು ಆಯಾಳ ಸೀರೆಯನ್ನು, ಕೈಗಳನ್ನು, ಕಾಲುಗಳನ್ನು ನೋಡಿದಳು. ಒಂದು ಕೆಂಪು ಚೀಟಿ ತಂದು ಅವಳ ಬಳೆಗೆ ಸಿಕ್ಕಿಸಿದಳು. ಬಸ್ಸು ತಳ್ಳಿದವರ ಚಪ್ಪಲಿಗೆ ಧೂಳಿರುತ್ತದೆ. ಆಯಾಳದು ಥಳಥಳ ಹೊಳೆಯುತ್ತಿತ್ತು. ತಂಗಿಯ ಮನೆಯಲ್ಲಿ ಉಳಿದಿದ್ದೆ, ಎದ್ದದ್ದು ತಡವಾಯಿತು ಎಂದು ಆಯಾ ತಾನೇ ಒಪ್ಪಿಕೊಂಡಳು. ಡ್ರೈವರ್ ಮರುದಿನದಿಂದ ಚುಕ್ಕಿ ಇರುವ ಕಡೆ ಮಾತಾಡುವುದನ್ನೇ ನಿಲ್ಲಿಸಿದ.

ಆದರೆ ಕಟ್ಟುಕಥೆಯ ಪ್ರಶ್ನೆಗೆ ಬಂದರೆ, ‘ಯಾರು’ಗೆ ಉತ್ತರ ಕೊಡುತ್ತಿದ್ದಳು, ‘ಎಲ್ಲಿ’ಗೆ ಕೊಡುತ್ತಿದ್ದಳು, ‘ಯಾಕೆ’ ಬಂದ ಕೂಡಲೇ ಮತ್ತೆ ಪ್ರಶ್ನೆಯ ಬಾಲ. ಯಾಕೆ ಅತ್ತಿತು? ಯಾಕೆ ಅತ್ತಿತು. ತಕ್ಕಡಿ ಅವಳ ಮುಂದೆ ಕೂತು, ಗಂಡನಿಂದ ಕಲಿತದ್ದನ್ನು ಪ್ರಯೋಗಿಸುತ್ತಿದ್ದಳು. ಡಸ್ಟರನ್ನು ಮೇಜಿನ ಮೇಲಿಟ್ಟು, “ಇದು ದೋಣಿ. ದೋಣಿ ಅಲ್ಲ. ಆದರೂ ದೋಣಿ ಅಂತ ಇಟ್ಟುಕೊಳ್ಳೋಣ” ಎಂದು ಖರೀದಿ ಕರಾರು ಓದುವ ಧ್ವನಿಯಲ್ಲಿ ಹೇಳುತ್ತಿದ್ದಳು. ಚುಕ್ಕಿ ಡಸ್ಟರನ್ನು ನೋಡಿ, ತಕ್ಕಡಿಯನ್ನು ನೋಡಿ, ಇಬ್ಬರಲ್ಲಿ ಯಾರಿಗೆ ಚೀಟಿ ಹಾಕಬೇಕೆಂದು ಯೋಚಿಸುತ್ತಿದ್ದಳು. ಮೂರನೆಯ ವಾರ ಮುಗಿಯಿತು. ನಾನು ಅಜ್ಜಿಗೆ, ಬೇರೆ ಏರ್ಪಾಡು ಯೋಚಿಸುವುದು ಒಳ್ಳೆಯದೆಂದು ಹೇಳಿದೆ. ಸುಮ್ಮನೆ ಆಸೆ ಹುಟ್ಟಿಸುವುದು ನನ್ನ ಅಭ್ಯಾಸವಲ್ಲ. ಅಜ್ಜಿ ಬಗ್ಗಿ ಮೇಜಿನ ಕೆಳಗೆ ನೋಡಿ, ಗಂಟುಗಳನ್ನು ಒಂದು ಪಕ್ಕಕ್ಕೆ ಸರಿಸಿದರೆ ಜಾಗವಾಗುತ್ತದೆ ಎಂದಳು.

ಪರೀಕ್ಷೆಯ ದಿನ ಹೆಡ್ಮಿಸ್ಟ್ರೆಸ್ ನಿಯಮ ಓದಿ ಹೇಳಿದರು. ಜೊತೆಗೆ ಬಂದ ಶಿಕ್ಷಕಿ ಮಾತಾಡಬಾರದು, ಸನ್ನೆ ಮಾಡಬಾರದು. ಕಳೆದ ಸಲದ ವಾಗ್ವಾದ ಅವರಿಗೆ ನೆನಪಿತ್ತು. ತಕ್ಕಡಿ ನಿಯಮವನ್ನು ನಿಯಮಕ್ಕಿಂತ ಬಿಗಿಯಾಗಿ ಪಾಲಿಸುವವಳು. ಕಣ್ಣು ಕೂಡ ಸುಳಿವು ಕೊಡುತ್ತದೆ ಎಂದು ತನ್ನ ಕುರ್ಚಿಯನ್ನು ಪೂರ್ತಿ ತಿರುಗಿಸಿಕೊಂಡು, ಕಿಟಕಿಗೆ ಮುಖ ಮಾಡಿ, ಮೇಜಿಗೆ ಬೆನ್ನು ಹಾಕಿ ಕೂತಳು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿದ್ದೆ.

ಈ ಸಲದ ಕಥೆ ಜ್ವರ ಬಂದ ಆನೆಯದು. ಆನೆ ಹಾಸಿಗೆಯಲ್ಲಿ ಮಲಗಿದೆ. ಇಲಿ ಲೋಟದಲ್ಲಿ ಹಾಲು ತರುತ್ತದೆ. ಇಲಿ ಹಾಲನ್ನು ಊದುತ್ತದೆ. ಆನೆ ಕುಡಿದು ನಿದ್ದೆ ಮಾಡುತ್ತದೆ. ಹೆಡ್ಮಿಸ್ಟ್ರೆಸ್ ಕಥೆಯನ್ನು ನಿಧಾನವಾಗಿ, ಎರಡು ಸಲ ಹೇಳಿದರು. ಚುಕ್ಕಿ ಜೇಬಿನಿಂದ ಕೆಂಪು ಚೀಟಿ ತೆಗೆದು ಮೊದಲ ಕಾರ್ಡಿನ ಮೇಲಿಟ್ಟಳು. ಇದೇನೆಂದು ಹೆಡ್ಮಿಸ್ಟ್ರೆಸ್ ನನ್ನನ್ನು ನೋಡಿದರು. ಪಾತ್ರೆಯ ತೂಕ ಕಳೆಯುತ್ತಿದ್ದಾಳೆ ಎಂದೆ. ಅವರು ಇನ್ನೊಂದು ಮಾತು ಕೇಳದೆ ಮುಂದುವರಿದರು.

ಯಾರಿಗೆ ಜ್ವರ? ಆನೆ. ಆನೆ ಎಲ್ಲಿದೆ? ಹಾಸಿಗೆ. ಎರಡಕ್ಕೂ ಸರಿ ಗುರುತು ಬಿತ್ತು.

“ಇಲಿ ಯಾಕೆ ಊದ್ತಾ ಇದೆ?”

“ಊದ್ತಾ ಇದೆ” ಎಂದಳು ಚುಕ್ಕಿ.

“ಹೌದಮ್ಮ. ಯಾಕೆ ಊದ್ತಾ ಇದೆ?”

“ಯಾಕೆ ಊದ್ತಾ ಇದೆ.”

ಹೆಡ್ಮಿಸ್ಟ್ರೆಸ್ ಕಾದರು. ಅವರು ಕಾಯಬಲ್ಲವರು, ಪೂರ್ತಿ ಒಂದು ನಿಮಿಷ ಕಾದರು. ಹೊರಗೆ ಒತ್ತಿದ ಬಟ್ಟೆಯನ್ನು ಅಜ್ಜಿ ಕೊಡವಿ ಮಡಿಸುವ ಸದ್ದು ಕೇಳುತ್ತಿತ್ತು. ಕಿಟಕಿಯ ಬಳಿ ತಕ್ಕಡಿಯ ಬೆನ್ನು ಹಲಗೆಯ ಹಾಗೆ ನೆಟ್ಟಗಿತ್ತು. ಹೆಡ್ಮಿಸ್ಟ್ರೆಸ್ ಪೆನ್ನನ್ನು ಸೊನ್ನೆಯ ಕಡೆಗೆ ಒಯ್ದರು.

ಚುಕ್ಕಿ ಎದ್ದಳು. ಮೇಜಿನ ಮೇಲೆ ಹೆಡ್ಮಿಸ್ಟ್ರೆಸ್ ನೀರು ಕುಡಿದಿಟ್ಟ ಸ್ಟೀಲ್ ಲೋಟವೊಂದಿತ್ತು, ಬರಿದು. ಅದನ್ನು ಎರಡೂ ಕೈಯಲ್ಲಿ, ಬೆರಳ ತುದಿಯಲ್ಲಿ ಮಾತ್ರ ಹಿಡಿದು, ಒಳಗಿದ್ದದ್ದು ತುಳುಕೀತೆಂಬ ಹಾಗೆ ಒಂದೊಂದೇ ಹೆಜ್ಜೆ ಇಟ್ಟು, ಕೋಣೆಯನ್ನು ದಾಟಿ ಕಿಟಕಿಯ ಬಳಿ ಹೋದಳು. ಮೊಣಕೈಯಿಂದ ತಕ್ಕಡಿಯನ್ನು ತಿವಿದಳು.

“ಬಿಸಿ” ಎಂದಳು. “ಊದು. ಬಾಯಿ ಸುಡುತ್ತೆ.”

ಹೆಡ್ಮಿಸ್ಟ್ರೆಸ್ ಪೆನ್ನು ಅಲ್ಲೇ ನಿಂತಿತು. ಆಮೇಲೆ ಪಕ್ಕದ ಅಂಕಣಕ್ಕೆ ಸರಿದು, ಸರಿ ಎಂಬ ಗುರುತು ಹಾಕಿತು. ಚುಕ್ಕಿಯ ಒಂದನೇ ತರಗತಿ ಅಲ್ಲಿಗೆ ಇತ್ಯರ್ಥವಾಯಿತು. ನಾನು ಅದನ್ನು ಕಂಡೆ. ಮೇಜಿಗೆ ಬೆನ್ನು ಹಾಕಿ ಕೂತಿದ್ದ ತಕ್ಕಡಿ ಕಾಣಲಿಲ್ಲ. ಅವಳ ಮಟ್ಟಿಗೆ ಪರೀಕ್ಷೆ ಇನ್ನೂ ನಡೆಯುತ್ತಲೇ ಇತ್ತು, ನಿಯಮ ಜಾರಿಯಲ್ಲೇ ಇತ್ತು.

ಅವಳು ಲೋಟ ತೆಗೆದುಕೊಂಡಳು. ಬಗ್ಗಿ ಅದರೊಳಗೆ ನೋಡಿದಳು. ಒಳಗೆ ಏನೂ ಇರಲಿಲ್ಲ, ಅದನ್ನು ಹೇಳದೆ ಬಿಡುವವಳೂ ಅವಳಲ್ಲ. ನಾನು ಆ ಮಾತಿಗಾಗಿ ಕಾದೆ.

ತಕ್ಕಡಿ ಊದಿದಳು. ತುಟಿ ಮುಂದೆ ಮಾಡಿ, ನಿಧಾನವಾಗಿ, ಮೂರು ಸಲ ಊದಿದಳು. ಅಂಚಿಗೆ ತುಟಿ ತಾಗಿಸಿ, ಥಟ್ಟನೆ ಹಿಂದಕ್ಕೆಳೆದುಕೊಂಡಳು.

“ಇನ್ನೂ ಸ್ವಲ್ಪ ಆರಲಿ” ಎಂದು ಚುಕ್ಕಿಗೆ ಹೇಳಿ, ಲೋಟವನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಹಿಡಿದು, ಕಿಟಕಿಯ ಕಟ್ಟೆಯ ಮೇಲೆ ಗಾಳಿ ತಾಗುವಲ್ಲಿ ಇಟ್ಟಳು.